ಚೂಟಿಯ ಒಂಬತ್ತು ಸೈಡ್ ಎಫೆಕ್ಟು

ಮಲೇರಿಯಾ ಬಂದಾಗ ಚೂಟಿಯ ಹಣೆ ಎಷ್ಟು ಸುಡುತ್ತಿತ್ತೆಂದರೆ, ಅದರ ಮೇಲೆ ಪಾತ್ರೆಯಿಟ್ಟು ಇಡೀ ಬೀದಿಗೆ ಚಹಾ ಕಾಯಿಸಿದರು! ಅವಳು ನಡುಗಿದ ರಭಸಕ್ಕೆ ಮಂಚ ತಾನಾಗಿ ನಡೆದು ಅಡುಗೆಮನೆ ಸೇರಿತು. ನಾನು ಕಣ್ಣಾರೆ ಕಂಡದ್ದು!

ಈಗ ಜ್ವರ ಇಳಿದಿತ್ತು. ಆದರೆ ಹದಿನಾಲ್ಕು ದಿನದ ಮಾತ್ರೆಯಲ್ಲಿ ಇನ್ನೂ ಹತ್ತು ಬಾಕಿ. ಇವತ್ತು ಗಣಿತದ ಟೆಸ್ಟ್ ಬೇರೆ.

“ಅಮ್ಮಾ, ತಲೆ ಗಿರ್ರಂತಿದೆ! ಮೈಯೆಲ್ಲಾ ಕಡಿತ! ಎಲ್ಲಾ ಮಾತ್ರೆಯ ಸೈಡ್ ಎಫೆಕ್ಟು!” ಚೂಟಿ ನೆಲದ ಮೇಲೆ ಉರುಳಾಡಿದಳು.

ಅಮ್ಮ ಗಾಬರಿಯಿಂದ ಅವಳನ್ನು ಕ್ಲಿನಿಕ್ಕಿಗೆ ಎಳೆದೊಯ್ದಳು. ಚೂಟಿ ನರಳಿದ ಸದ್ದಿಗೆ ದಾರಿಯಲ್ಲಿ ಏಳು ನಾಯಿಗಳು ಕಣ್ಣೊರೆಸಿಕೊಂಡವು.

“ಏನೇನಾಗ್ತಿದೆ ಪುಟ್ಟಿ?” ನರ್ಸಕ್ಕ ಪೆನ್ನು ತೆಗೆದರು.

ಚೂಟಿ ಮಗ್ಗಿ ಒಪ್ಪಿಸುವ ಹಾಗೆ ಉಸಿರು ಬಿಡದೆ ಎಂಟು ತೊಂದರೆ ಹೇಳಿದಳು.

ನರ್ಸಕ್ಕ ಬರೆಯುವುದನ್ನು ನಿಲ್ಲಿಸಿದರು. “ಇಷ್ಟೊಂದಾ? ಹಾಗಾದ್ರೆ ಮಾತ್ರೆ ನಿಲ್ಲಿಸ್ಬೇಕಾ ಅಂತ ಡಾಕ್ಟರನ್ನ ಕೇಳ್ಬೇಕು. ಅರ್ಧಕ್ಕೆ ನಿಂತ್ರೆ ಜ್ವರ ಮತ್ತೆ ಬರಬಹುದು.”

ಮತ್ತೆ ಆ ನಡುಕವೇ? ಚೂಟಿ ಅಲ್ಲಿಗೇ ನಿಲ್ಲಿಸಬೇಕೆಂದುಕೊಂಡಳು. ಆದರೆ ಬಾಯಿಪಾಠ ಮಾಡಿದ ಬಾಯಿ ಕೇಳಬೇಕಲ್ಲ! ಒಂಬತ್ತನೆಯದೂ ಜಾರಿಬಿತ್ತು: “ಹಚ್ಚಿದ ಜಾಗ ಉರಿಯುತ್ತೆ.”

“ಹಚ್ಚಿದ ಜಾಗವಾ? ಮಾತ್ರೆ ನುಂಗಿದ್ಯಾ, ಹಚ್ಕೊಂಡ್ಯಾ?”

ಅಮ್ಮ ಅವಳ ಜೇಬಿಗೆ ಕೈಹಾಕಿದಳು. ಸೈಡ್ ಎಫೆಕ್ಟುಗಳ ಪಟ್ಟಿಯಿದ್ದ ಮಡಚಿದ ಕಾಗದವೊಂದು ಹೊರಬಂತು. ಮಾತ್ರೆ ಡಬ್ಬಿಯದ್ದಲ್ಲ, ತಾತನ ಮಂಡಿನೋವಿನ ಮುಲಾಮಿನದು!

“ಮನೆಗೆ ನಡಿ, ನಿಂಗಿದೆ!” ಅಮ್ಮ ಹಲ್ಲು ಕಡಿದಳು.

“ಸ್ವಲ್ಪ ಇರಿ” ಎಂದು ನರ್ಸಕ್ಕ ಕಾಗದ ಪಕ್ಕಕ್ಕಿಟ್ಟರು. “ಈಗ ನಿಜ ಹೇಳು. ಏನಾದ್ರೂ ಆಗ್ತಿದೆಯಾ?”

ಚೂಟಿ ಚಪ್ಪಲಿ ನೋಡಿದಳು. ಇನ್ನು ಯಾರು ನಂಬುತ್ತಾರೆ? “ಹೊಟ್ಟೆನೋವು. ಇದೊಂದು ನಿಜ ಅಕ್ಕಾ.”

“ಮಾತ್ರೆಗೆ ಮುಂಚೆ ಏನು ತಿಂದೆ?”

“ಏನಿಲ್ಲ. ಬ್ರೆಡ್ ಬೆಕ್ಕಿಗೆ ಹಾಕ್ದೆ.”

ನರ್ಸಕ್ಕ ನಗಲಿಲ್ಲ. ಅವಳ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿದರು. “ಖಾಲಿ ಹೊಟ್ಟೇಲಿ ನುಂಗಿದ್ರೆ ನೋಯುತ್ತೆ ಕಣೇ. ತಿಂದ ಮೇಲೇ ನುಂಗು. ಉಚ್ಚೆ ಕಡುಚಹಾದ ಬಣ್ಣಕ್ಕೆ ತಿರುಗಿದ್ರೆ ಮಾತ್ರ ತಕ್ಷಣ ಓಡಿ ಬಾ. ಡಾಕ್ಟರಿಗೂ ಈ ಹೊಟ್ಟೆನೋವಿನ ವಿಷಯ ಹೇಳ್ತೀನಿ.”

ಎಂಟನ್ನು ಹೊಡೆದುಹಾಕಿ, ಒಂದನ್ನು ನೀಟಾಗಿ ಬರೆದುಕೊಂಡರು.

ಇಷ್ಟೆಲ್ಲಾ ನಿನಗೆ ಹೇಗೆ ಗೊತ್ತು ಅಂತೀರಾ? ನಾನು ಕಿಟಕಿಯ ಹೊರಗೆ... ಅಲ್ಲ, ಮೇಜಿನ ಕೆಳಗೆ...

ಸರಿ, ಸಿಕ್ಕಿಬಿದ್ದೆ. ಚೂಟಿ ನಾನೇ. ಚಹಾ ಕಾಯಲಿಲ್ಲ, ಮಂಚ ನಡೆಯಲಿಲ್ಲ. ನಾಯಿ ಇದ್ದದ್ದು ಒಂದೇ, ಅದೂ ಗೊರಕೆ ಹೊಡೆಯುತ್ತಿತ್ತು.

ಹೊಟ್ಟೆನೋವು ಮಾತ್ರ ನಿಜ. ನರ್ಸಕ್ಕ ಅದನ್ನು ನಂಬಿದ್ದೂ ನಿಜ.