ಕಳುವಾದ ಮೂವತ್ತೊಂದು ಪಾಸ್‌ಪೋರ್ಟು

ಬೆಳಿಗ್ಗೆ 10.20ಕ್ಕೆ ಕಟ್ಟಡದ ಕಂಟ್ರಾಕ್ಟರು ಠಾಣೆಗೆ ಬಂದು ದೂರು ಕೊಟ್ಟ. ಅವನ ಬೀರುವಿನಿಂದ ಹೊರದೇಶದ ಕೂಲಿಗಳ ಮೂವತ್ತೊಂದು ಪಾಸ್‌ಪೋರ್ಟು ಕಳುವಾಗಿದ್ದವು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲನನ್ನು ಕರೆದುಕೊಂಡು ಹೊರಟರು.

ಬೀರುವಿನ ಬೀಗ ಮುರಿದಿರಲಿಲ್ಲ. ಪಂಚನಾಮೆ ಬರೆಯುವಾಗ ಕಂಟ್ರಾಕ್ಟರು ಹೇಳಿದ, "ಬೀಗದ ಕೈ ಅಂಗಿ ಜೇಬಲ್ಲೇ ಇರುತ್ತೆ ಸರ್. ಸ್ನಾನಕ್ಕೆ ಹೋದಾಗ ಮಾತ್ರ ಅಂಗಿ ಮೊಳೆಗೆ ಹಾಕ್ತೀನಿ."

ಕೂಲಿಗಳು ಸಾಲಾಗಿ ನಿಂತರು.

"ನಿನ್ನ ಪಾಸ್‌ಪೋರ್ಟ್ ಕಳೆದಿದೆಯಾ?"

"ಇಲ್ಲ ಸರ್." ಕಾಂಕ್ರೀಟ್ ಕಲಸುವವನು ಜೇಬಿನಿಂದ ತೆಗೆದು ತೋರಿಸಿದ.

"ನಿನ್ನೆ ಎಲ್ಲಿತ್ತು?"

ಅವನು ಸೂರು ನೋಡಿದ.

ಮೂವತ್ತೊಂದು ಜನರದೂ ಅದೇ ಕತೆ. ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ಇಪ್ಪತ್ತೆರಡು ವರ್ಷ ಸರ್ವೀಸು ಸರ್. ಕದ್ದ ಮಾಲು ಮನೆಮನೆಗೆ ಹಂಚೋ ಕಳ್ಳನ್ನ ನಾನು ನೋಡಿಲ್ಲ."

ಇನ್‌ಸ್ಪೆಕ್ಟರಿಗೂ ತಲೆಬುಡ ತಿಳಿಯಲಿಲ್ಲ. ಆಗ ಗಾರೆಯವನು ಮುಂದೆ ಬಂದ. "ಅಪ್ಪ ಉಳಿಯೋದು ಇನ್ನೆರಡೇ ದಿನ ಅಂತ ತಂಗಿ ಫೋನ್ ಮಾಡಿದ್ಳು. ನಾಲ್ಕಕ್ಕೆ ಹಡಗು. ಇದನ್ನ ಕಿತ್ಕೋಬೇಡಿ ಸರ್."

ಕದ್ದ ಮಾಲೆಂದಾದರೆ ಜಪ್ತಿಯಾಗಿ ಕೋರ್ಟಿಗೆ ಹೋಗಬೇಕು. ವಾಪಸು ಬರುವುದು ತಿಂಗಳುಗಳ ಮಾತು. ಇನ್‌ಸ್ಪೆಕ್ಟರ್ ಗಾರೆಯವನ ಪಾಸ್‌ಪೋರ್ಟನ್ನು ಕೈಯಲ್ಲಿ ತಿರುವಿ ನೋಡಿದರು. ರಟ್ಟಿನ ಮೇಲೆ ಅಡುಗೆ ಎಣ್ಣೆಯ ಕಲೆ. ಪಕ್ಕದವನದರಲ್ಲೂ ಅದೇ ಕಲೆ.

ಅಡುಗೆಮನೆಯಲ್ಲಿ ಕಂಟ್ರಾಕ್ಟರನ ಅಕ್ಕ ಊಟದ ಡಬ್ಬಿಗಳನ್ನು ಬೆಳಗುತ್ತಿದ್ದಳು.

"ಯಾರದು ಯಾವುದು ಅಂತ ಹೇಗೆ ಗೊತ್ತಾಯ್ತು ಅಕ್ಕ?"

ಅವಳು ಸುಳ್ಳು ಹೇಳಲು ಹೋಗಲಿಲ್ಲ. "ಓದೋಕೆ ಬರಲ್ಲ. ದಿನಾ ಬಡಿಸೋಳಿಗೆ ಮುಖ ಗೊತ್ತಿರಲ್ವೇ? ಫೋಟೊ ನೋಡಿ ಅವರವರ ಡಬ್ಬಿ ಕೆಳಗಿಟ್ಟೆ. ಗಾರೆಯವನ ಫೋಟೊದಲ್ಲಿ ಮೀಸೆ ಇರ್ಲಿಲ್ಲ, ಒಂದು ಗಳಿಗೆ ತಬ್ಬಿಬ್ಬಾದೆ."

"ಯಾಕೆ ಮಾಡಿದ್ರಿ?"

"ನನ್ನ ಗಂಡನೂ ಹೊರದೇಶಕ್ಕೆ ದುಡಿಯೋಕೆ ಹೋಗಿದ್ದ. ಮಗಳು ತೀರ್ಕೊಂಡಾಗ ಅವನ ಪಾಸ್‌ಪೋರ್ಟು ಅಲ್ಲಿನ ಧಣಿ ಬೀರುವಲ್ಲಿತ್ತು." ಕೈ ಒರೆಸಿಕೊಂಡಳು. "ನಡೀರಿ. ಒಲೆ ಆರಿಸಿ ಬರ್ತೀನಿ."

ಗಂಟೆ 1.10. ಇನ್‌ಸ್ಪೆಕ್ಟರ್ ದೂರನ್ನು ಮತ್ತೆ ಓದಿದರು, ಕಂಟ್ರಾಕ್ಟರನನ್ನು ಕರೆಸಿದರು.

"ಪಾಸ್‌ಪೋರ್ಟು ನಿಮ್ಮ ಬೀರುವಲ್ಲಿ ಯಾವಾಗಿಂದ?"

"ಅವರು ಬಂದ ದಿನದಿಂದ."

"ಅವರು ವಾಪಸ್ ಕೇಳಲಿಲ್ವಾ?"

"ಕೇಳದೆ ಇರ್ತಾರಾ? ಕೊಟ್ರೆ ಓಡಿಹೋಗ್ತಾರೆ ಸರ್."

"ಹೀಗೇ ಬರ್ಕೊಡ್ತೀರಾ?"

"ಧಾರಾಳವಾಗಿ." ಬರೆದು ಸಹಿ ಹಾಕಿದ.

1.40ಕ್ಕೆ ಪರರ ಪಾಸ್‌ಪೋರ್ಟು ಹಿಡಿದಿಟ್ಟುಕೊಂಡದ್ದಕ್ಕಾಗಿ ಅವನನ್ನು ಬಂಧಿಸಲಾಯಿತು. ಅವರವರ ವಸ್ತು ಅವರವರಿಗೆ ಸೇರಿದ್ದರಿಂದ ಕಳವು ನಡೆದಿಲ್ಲವೆಂದು ಇನ್‌ಸ್ಪೆಕ್ಟರ್ ಷರಾ ಬರೆದು, ಅಕ್ಕ ಅವನ್ನು ಊಟದ ಡಬ್ಬಿಗಳ ಕೆಳಗಿಟ್ಟದ್ದನ್ನು ಕಂಟ್ರಾಕ್ಟರನಿಗೂ ಓದಿ ಹೇಳಿದರು. ಗಾರೆಯವನು ಗಾರೆ ಮೆತ್ತಿದ ಅಂಗಿಯಲ್ಲೇ ಬಂದರಿಗೆ ಓಡಿದ.

"ದೂರು ಕೊಟ್ಟವನು ನಾನಲ್ವಾ ಸರ್?" ಜೀಪಿನಲ್ಲಿ ಕಂಟ್ರಾಕ್ಟರು ಕೇಳಿದ.

"ಹೌದು. ನಮಗೂ ಬೆಳಿಗ್ಗೆಯಿಂದ ಅದೇ ಗೊಂದಲ."

"ಹೋದ ವರ್ಷ ಹದಿನಾಲ್ಕು ಜನ ಅರ್ಧಕ್ಕೇ ಬಿಟ್ಟು ಹೋದ್ರು. ಆ ಭಯಕ್ಕೇ ಬೀಗ ಹಾಕ್ದೆ."

"ಯಾಕೆ ಹೋದ್ರು?"

"ಕೇಳ್ಲಿಲ್ಲ."

ಅಕ್ಕ ಬಂದು ಜೀಪಿನ ಕಿಟಕಿಯಿಂದ ಊಟದ ಡಬ್ಬಿ ಕೊಟ್ಟಳು. ಅವನು ಅದನ್ನು ಎತ್ತಿ ಮೊದಲು ಕೆಳಗೆ ನೋಡಿದ. ಅಲ್ಲಿ ಏನೂ ಇರಲಿಲ್ಲ.