ಅವಳು ಕೇಳಿದ್ದು ವಾಟರ್ ಕೂಲ್ಡ್!

"ಈ ಗಾಡಿ ನಂದಲ್ಲ!"

ಬಳ್ಳಾರಿಯ ಆ ಶೋರೂಮಿನಲ್ಲಿ ಸುನಂದಾಳ ದನಿ ಗಾಜಿಗೆ ಬಡಿದು ವಾಪಸ್ ಬಂತು. ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ನಿಲ್ಲಿಸಿದ್ದ ಕೆಂಪು ಬೈಕನ್ನು ಅವಳು ಸವತಿಯನ್ನು ನೋಡುವಂತೆ ನೋಡಿದಳು.

ಅವಳು ಬುಕ್ ಮಾಡಿದ್ದು ರೇಡಿಯೇಟರ್ ಇರುವ ವಾಟರ್ ಕೂಲ್ಡ್. ಇದು ಬರೀ ಗಾಳಿಗೆ ತಣ್ಣಗಾಗುವ ಏರ್ ಕೂಲ್ಡ್!

ಶೋರೂಮಿನ ಪರಶು ಬೆವರು ಒರೆಸಿಕೊಂಡ. "ಗವಿಸಿದ್ದೇಶಣ್ಣ ಫೋನ್ ಮಾಡಿ ಬದ್ಲಿ ಮಾಡಿಸಿದ್ರು ಮೇಡಂ... ನಿಮ್ಮನಿಯೋರ ಆಗೋರಲ್ರಿ, ನಿಮಗ ಗೊತ್ತಿರ್ತೈತಿ ಅಂದ್ಕೊಂಡೆ."

ಗವಿಸಿದ್ದೇಶ! ಸಿರುಗುಪ್ಪದ ರೈಸ್ ಮಿಲ್ಲಿನವನು. ಅವಳಿಗೆ ನಿಶ್ಚಯವಾದ ಹುಡುಗ...

ಅಷ್ಟರಲ್ಲಿ ಅವನೇ ಪೇಢೆ ಡಬ್ಬಿ ಹಿಡಿದು ನಗುತ್ತ ಒಳಬಂದ.

"ಪೂಜಿ ಆತೇನು?"

"ಪೂಜಿ ನಿನಗ ಮಾಡ್ತೀನಿ, ಬಾ!"

ಅವನ ನಗು ಅಲ್ಲೇ ಆರಿತು.

"ಸಿಟ್ಟಾಗಬ್ಯಾಡ ಸುನಂದಾ. ಸುಗ್ಗ್ಯಾಗ ನಮ್ಮ ಕಾಲುವಿ ರಸ್ತಿ ತುಂಬ ಭತ್ತದ ಹೊಟ್ಟು ಹಾರ್ತೈತಿ. ರೇಡಿಯೇಟರ್‌ಗೆ ಕಟ್ಟಿಕೊಂಡ್ರ ಇಂಜಿನ್ ಕುದಿತೈತಿ. ನಡುದಾರ್ಯಾಗ ನೀ ಒಬ್ಬಾಕಿ ನಿಂತ್ರ? ಇದಕ ಅಂಥ ತ್ರಾಸಿಲ್ಲ. ಊರಾಗ ಓಡಾಡಾಕ ಇದ ಸಾಕು."

"ಊರಾಗ?"

ಆ ಒಂದು ಮಾತು ಅವಳ ಎದೆಗೆ ಕೊಳ್ಳಿ ಇಟ್ಟಂತಾಯಿತು.

ಅವಳು ಹಳ್ಳಿಹಳ್ಳಿ ತಿರುಗಿ ಸಕ್ಕರೆ ಕಾಯಿಲೆಯವರ ರಕ್ತ ತೆಗೆದು, ಬಿಸಿಲೇರುವ ಮೊದಲು ಬಳ್ಳಾರಿಯ ಲ್ಯಾಬಿಗೆ ಮುಟ್ಟಿಸುವವಳು. ಮದುವೆಯಾದ ಮೇಲೆ ಸಿರುಗುಪ್ಪದಿಂದ ಕುರುಗೋಡು, ಅಲ್ಲಿಂದ ಬಳ್ಳಾರಿ... ಈ ಸೀಮೆಯ ಬೇಸಿಗೆಯಲ್ಲಿ ಅಷ್ಟು ದೂರ ಒಂದೇ ಸಮನೆ ಓಡಿದರೂ ಏದುಸಿರು ಬಿಡದ ಗಾಡಿ ಬೇಕಿತ್ತು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಎಲ್ಲೋ ದೂರದ ಗಿಳಿಯೊಳಗೆ ಇರುತ್ತಿತ್ತಂತೆ. ಸುನಂದಾಳ ಜೀವ ಆ ದಾರಿಯಲ್ಲಿತ್ತು.

'ತಾಳಿ ಕಟ್ಟೋ ಮೊದಲೇ ನನ್ನ ದಾರಿ ಕತ್ತರಿಸಿದನಲ್ಲ!'

"ಗಾಡಿ ಕುದ್ರ ನೆರಳಿಗೆ ನಿಲ್ಲಿಸ್ತೀನಿ. ತಣ್ಣಗಾಗೋ ತನಕ ರೇಡಿಯೇಟರ್ ಮುಚ್ಚಳ ಮುಟ್ಟಲ್ಲ. ನಿಮ್ಮೂರೋರಂಗ ಕಾಲುವಿ ನೀರು ಸುರಿಯಲ್ಲ, ಕೂಲಂಟೇ ಹಾಕ್ತೀನಿ. ಹೊಟ್ಟು ಬ್ರಷ್ ಹಿಡಿದು ಉದುರಿಸ್ತೀನಿ. ಎಲ್ಲಾ ಕಲ್ತೀನಿ! ನನ್ನ ಒಂದ ಮಾತು ಕೇಳಿದ್ಯೇನು?"

ಅವನು ಪೇಢೆ ಡಬ್ಬಿಯನ್ನು ಬೈಕಿನ ಸೀಟಿನ ಮೇಲಿಟ್ಟು ಅವಳತ್ತ ಒಂದು ಹೆಜ್ಜೆ ಇಟ್ಟ.

"ಗಾಡಿ ಬದ್ಲಿ ಮಾಡಿಸಿದ್ಯಲ್ಲ, ಹಂಗ ಹೆಂಡ್ತೀನೂ ಬದ್ಲಿ ಮಾಡಿಸ್ಕೋ! ಈ ಮದಿವಿ ನನಗ ಬ್ಯಾಡ!"

ತನ್ನೂರು ಕುರುಗೋಡಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿ ಅತ್ತಳು. ಸಿಟ್ಟು ಇಳಿಯಲಿಲ್ಲ. ಅವನ ಮೇಲಿನ ಪ್ರೀತಿಯೂ ಇಳಿಯಲಿಲ್ಲ... ಅದಕ್ಕೇ ಸಿಟ್ಟು ಇನ್ನಷ್ಟು ಏರಿತು!

ಭಾನುವಾರ ಮಟಮಟ ಮಧ್ಯಾಹ್ನ ಮನೆ ಮುಂದೆ ಬೈಕಿನ ಸದ್ದು. ತಾಯಿ ಕೊಟ್ರಬಸಮ್ಮ ಇಣುಕಿ ನೋಡಿದಳು.

"ಬಂದಾನವ್ವ. ಒಳಗ ಕರೀಲೇನು?"

"ಬಿಸಿಲಾಗ ಬೇಯ್ಲಿ!" ಎನ್ನುತ್ತಲೇ ಸುನಂದಾ ತಾನೇ ಅಂಗಳಕ್ಕೆ ಬಂದಳು.

ಕೆಂಪು ಬೈಕಿನ ಪಕ್ಕ ಗವಿಸಿದ್ದೇಶ ನಿಂತಿದ್ದ. ಕೈಯಲ್ಲಿ ಅಂಚು ಮಡಿಚಿದ ತಂತಿ ಜಾಲರಿ.

"ಈ ಗಾಡಿ ನಾನ ಇಟ್ಕೊಂಡೆ. ನಿನ್ನ ವಾಟರ್ ಕೂಲ್ಡ್ ನಾಳಿ ಬರ್ತೈತಿ, ನೀ ಬುಕ್ ಮಾಡಿದ್ದ." ಅವನು ಜಾಲರಿಯ ಅಂಚು ತಿರುವಿದ. "ನಿನಗ ಏನರ ಆದ್ರ ಅಂತ ಹೆದರಿದ್ನಿ. ಹೆದರಿಕಿ ನಂದು, ಶಿಕ್ಷೆ ನಿನಗ ಕೊಟ್ಟೆ... ತಪ್ಪಾತು. ಮಿಲ್ಲಿನ ಜರಡಿ ಕತ್ತರಿಸಿ ಇದನ್ನ ಮಾಡೀನಿ. ರೇಡಿಯೇಟರ್ ಮುಂದ ಕಟ್ಟಿದ್ರ ಹೊಟ್ಟು ಹೊಗಲ್ಲ."

ಅವಳು ಜಾಲರಿಯನ್ನು ಕಸಿದು ಬಿಸಿಲಿಗೆ ಹಿಡಿದಳು.

"ಹುಚ್ಚಪ್ಪಾ! ಜಾಲರಿ ಕಣ್ಣು ಇಷ್ಟು ಸಣ್ಣ ಇದ್ರ ಗಾಳಿನ ಆಡಲ್ಲ. ಹೊಟ್ಟಿಲ್ದನೂ ಇಂಜಿನ್ ಕುದಿತೈತಿ! ಕಾಯ್ತೀನಿ ಅಂತ ಉಸಿರ ಕಟ್ಟಿಸ್ತೀಯಲ್ಲೋ..."

ಅವನು ತಲೆ ತಗ್ಗಿಸಿದ. ಮೆಲ್ಲಗೆ ಕೇಳಿದ.

"ಹಂಗಾರ ಕಣ್ಣು ಎಷ್ಟು ದೊಡ್ಡದಿರ್ಬೇಕು? ನೀ ಹೇಳು."

ನೀ ಹೇಳು!

ಅವಳು ಜಾಲರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಅವನ ಅಂಗೈ ಎಳೆದುಕೊಂಡು ಉಗುರಿನಿಂದ ಗೀರಿ ತೋರಿಸಿದಳು. "ಇಷ್ಟು..." ಗೀರಿದ ಮೇಲೂ ಕೈ ಬಿಡಲಿಲ್ಲ.

"ಸಿಟ್ಟು ಹೋತೇನು?"

"ಇಲ್ಲ!"

"ಮದಿವಿ ತನಕ ಇರ್ತೈತೇನು?"

"ಆಮ್ಯಾಲೂ ಇರ್ತೈತಿ. ತಡ್ಕೊಂತೀಯೇನು?"

"ತಡ್ಕೊಂತೀನಿ..." ಎಂದ ಗವಿಸಿದ್ದೇಶ, ಅವಳ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಮುಚ್ಚುತ್ತ. "ಎಷ್ಟ ದೂರ ಹೋದ್ರೂ ಮನಿಗೆ ಬಂದು ಬೈದ್ರ ಸಾಕು."