ಹದಿನೇಳು ಗಿಡಗಳ ಬೇಲಿ

"ಅಯ್ಯೋ, ಕಾಲು ತೆಗೀರಿ! ಹನ್ನೊಂದನೇದನ್ನ ತುಳಿದುಬಿಟ್ರಿ!"

ಹುಲ್ಲಿನಲ್ಲಿ ಬೋರಲು ಬಿದ್ದಿದ್ದ ಹೆಣ ಹೀಗೆ ಕಿರುಚಿಕೊಂಡಾಗ ವೆಲಾಪಿ ಸಿತೋಲೆ ಎರಡು ಮಾರು ಹಿಂದಕ್ಕೆ ಹಾರಿದ.

ಹೆಣವೆಂದುಕೊಂಡೇ ಅವನು ಓಡಿಬಂದಿದ್ದ. ಗುಡ್ಡದ ನೆತ್ತಿಯಲ್ಲಿ, ಸೊಂಟದೆತ್ತರದ ಹುಲ್ಲಿನ ನಡುವೆ, ಹುಡುಗಿಯೊಬ್ಬಳು ಮುಖವನ್ನು ಮಣ್ಣಿಗಿಟ್ಟು ಅಲ್ಲಾಡದೆ ಮಲಗಿದ್ದರೆ ಯಾರಿಗಾದರೂ ಇನ್ನೇನು ಅನ್ನಿಸಬೇಕು? ಈಗ ಅವಳು ಎದ್ದು ಕೂತಿದ್ದಳು. ಮೂಗಿನ ತುದಿಯಲ್ಲಿ ಮಣ್ಣು, ಕೈಯಲ್ಲಿ ಪೆನ್ಸಿಲ್, ಕಣ್ಣಲ್ಲಿ ಕೆಂಡ!

"ಸಿಸಿ... ನೀವು ಬದುಕಿದ್ದೀರಾ?" ಅವನು ತೊದಲಿದ. ಪರಿಚಯವಿಲ್ಲದ ಹುಡುಗಿಯನ್ನು ಅಕ್ಕ ಎನ್ನದೆ ಇನ್ನೇನು ಕರೆಯಲಾದೀತು?

"ನಾನು ಬದುಕಿದ್ದೀನಿ. ಇದು ಬದುಕುತ್ತಾ ನೋಡಬೇಕು!"

ಅವಳು ಬೆರಳ ತುದಿಯಿಂದ ಎತ್ತಿ ನಿಲ್ಲಿಸಿದ್ದು ಗೇಣುದ್ದದ ಒಂದು ಗಿಡ. ಒಂದೊಂದು ತೊಟ್ಟಿಗೆ ಮೂರು ಎಲೆ, ಎಲೆಯ ಮೇಲೆ ಬೆಳ್ಳಿಬಣ್ಣದ ನವಿರಾದ ರೋಮ. ಅವರೆ, ತೊಗರಿಗಳ ಕುಲದ್ದೇ. ಆದರೆ ಯಾರೂ ಬಿತ್ತದ, ಯಾರೂ ಬೇಯಿಸದ ಬಡ ನೆಂಟ.

"ಇದು ಉಕೊನ್ಸಿ ಅಲ್ವಾ? ಇಷ್ಟು ಚೋಟುದ್ದದ್ದಕ್ಕೆ ಇಷ್ಟು ರಂಪಾನಾ?"

"ಓಹೋ, ಹೆಸರೂ ಗೊತ್ತು! ಹಾಗಾದ್ರೆ ಬೇರು ಕೀಳೋಕೇ ಬಂದಿದ್ದೀರಿ. ನೋಡಿದ್ರೆ ಮೂವತ್ತು ದಾಟಿದ ಹಾಗಿಲ್ಲ... ಈಗ್ಲೇ ಆ ಬೇರು ಬೇಕಾಯ್ತಾ?"

ವೆಲಾಪಿಯ ಕಿವಿ ಬಿಸಿಯಾಯಿತು. ಆ ಬೇರನ್ನು ಹಾಲಿಗೆ ಹಾಕಿ ಕುದಿಸಿಕೊಳ್ಳುವ ಗಂಡಸರು ಅದನ್ನು ಯಾಕೆ ಕುಡಿಯುತ್ತಾರೆಂಬುದು ಜುಲು ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ.

"ನನಗ್ಯಾಕ್ರೀ ಆ ಬೇರು! ಈ ವರ್ಷದಿಂದ ಗುಡ್ಡಕ್ಕೆ ಬೆಂಕಿ ಹಾಕಿಸೋ ಕೆಲಸ ನಂದು. ಬೆಂಕಿ ಆಚೆ ದಾಟದ ಹಾಗೆ ಎಲ್ಲೆಲ್ಲಿ ಹುಲ್ಲು ಕೊಯ್ದು ರೇಖೆ ಹಾಕಬೇಕು ಅಂತ ನೋಡೋಕೆ ಬಂದೆ."

ಬೆಂಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗಿಯ ಮುಖದ ಬಣ್ಣ ಇಳಿದುಹೋಯಿತು.

ಅವಳ ಹೆಸರು ತೊಬಿಲೆ ಮಬಾಸೊ. ನಗರದ ಸಸ್ಯೋದ್ಯಾನದಲ್ಲಿ ಕೆಲಸ, ಗುಡ್ಡದ ಬುಡದಲ್ಲಿ ಅಜ್ಜಿಯ ಮನೆ. ಏಳನೇ ವಯಸ್ಸಿನಲ್ಲಿ ಆ ಅಜ್ಜಿಯ ಹುಲ್ಲುಮನೆ ಹೊತ್ತಿ ಉರಿಯುವುದನ್ನು ಕಣ್ಣಾರೆ ಕಂಡವಳು. ಒಲೆಯ ಬೆಂಕಿಗೂ ಒಂದು ಮಾರು ದೂರವೇ ಕೂರುತ್ತಿದ್ದಳು. ಮೂರು ವರ್ಷದ ಹಿಂದೆ, ಗುಡ್ಡಕ್ಕೆ ಬೆಂಕಿ ಬಿದ್ದ ಆರು ತಿಂಗಳಿಗೆ, ಅವಳು ಇಲ್ಲಿ ನಾಲ್ಕು ಕಂಬ ನೆಟ್ಟು, ಸುತ್ತ ತಂತಿ ಬಿಗಿದು, ಕಂಬಕ್ಕೊಂದು ಬಿಳಿ ಬಟ್ಟೆ ಕಟ್ಟಿ, ಒಳಗಿದ್ದ ಉಕೊನ್ಸಿಗಳನ್ನು ಎಣಿಸಿದ್ದಳು. ಆಗ ನಲವತ್ತೊಂದು. ಹೋದ ವರ್ಷ ಇಪ್ಪತ್ತೊಂಬತ್ತು. ಈ ಮಾರ್ಚಿನಲ್ಲಿ ಹದಿನೇಳು! ಬೇಲಿಯೊಳಕ್ಕೆ ಅಂದಿನಿಂದ ಅವಳು ಬೆಂಕಿಯನ್ನೂ ಬಿಟ್ಟಿರಲಿಲ್ಲ, ದನವನ್ನೂ ಬಿಟ್ಟಿರಲಿಲ್ಲ.

"ಹಿಂದೆಲ್ಲ ಮತ್ತೆ ಮತ್ತೆ ಸುಟ್ಟು ಸುಟ್ಟು ಇದರ ಜೀವ ಸೋತುಹೋಗಿದೆ. ಇದಕ್ಕೆ ವಿಶ್ರಾಂತಿ ಬೇಕು. ಅಕ್ಟೋಬರ್‌ನಲ್ಲಿ ವರದಿ ಕೊಡ್ತೀನಿ. ಆಮೇಲೆ ಈ ಗುಡ್ಡದ ಮೇಲೆ ಬೆಂಕೀನೇ ಹಾಕೋ ಹಾಗಿಲ್ಲ."

"ಮತ್ತೆ ದನಗಳು? ಹಳೇ ಹುಲ್ಲು ಸುಡದೆ ಚಿಗುರು ಬರಲ್ಲ. ಚಿಗುರಿಲ್ಲದೆ ಇದ್ರೆ ಸೆಪ್ಟೆಂಬರ್‌ನಲ್ಲಿ ಹಸುಗಳು ಏನು ತಿನ್ನಬೇಕು? ನಿಮ್ಮ ವರದೀನಾ?"

ಅವನು ಬೇಲಿಯೊಳಗಿನ ಹುಲ್ಲನ್ನು ಕೈಯಿಂದ ಸರಿಸಿ ನೋಡಿದ. ಮೂರು ವರ್ಷದ ಒಣಹುಲ್ಲು ಒಂದರ ಮೇಲೊಂದು ಒರಗಿ ಕಂಬಳಿಯಂತೆ ಕವಿದುಕೊಂಡಿತ್ತು.

"ಬೇಜಾರು ಮಾಡ್ಕೋಬೇಡಿ ಸಿಸಿ. ಇದನ್ನ ಬೆಂಕಿ ಕೊಲ್ತಾ ಇಲ್ಲ. ನಿಮ್ಮ ಬೇಲಿ ಕೊಲ್ತಾ ಇದೆ. ಗಿಡ ಇರೋದು ಮೇಲಲ್ಲ, ಕೆಳಗೆ. ಒಳಗೆ ಗಡ್ಡೆ ಕೂತಿದೆ. ಮೇಲಿನ ಕಂಬಳಿ ಯಾರು ತೆಗೀತಾರೆ ಅಂತ ಕಾಯ್ತಿದೆ."

"ಸಸ್ಯಶಾಸ್ತ್ರ ಓದಿದವಳು ನಾನು!"

"ನಾನು ಹತ್ತು ವರ್ಷ ನೀಲಗಿರಿ ತೋಪುಗಳಲ್ಲಿ ಬೆಂಕಿ ಆರಿಸೋ ಕೆಲಸ ಮಾಡಿದವನು. ನನಗೆ ಶಾಸ್ತ್ರ ಗೊತ್ತಿಲ್ಲ, ಬೂದಿ ಗೊತ್ತು."

'ಎಂಥ ಜಂಭ!' ಎಂದುಕೊಂಡಳು ತೊಬಿಲೆ. ಆದರೂ ಅವನು ಹೊರಡುವ ಮುಂಚೆ ಒಂದು ಮಾತು ಕೊಟ್ಟ. ಅವಳ ಬೇಲಿಯ ಸುತ್ತ ಹತ್ತು ಹೆಜ್ಜೆ ಅಗಲಕ್ಕೆ ಹುಲ್ಲು ಕೊಯ್ದು ಬೋಳು ಮಾಡುತ್ತಾನಂತೆ. ಅದನ್ನು ದಾಟಿ ಬೆಂಕಿ ಬರುವುದಿಲ್ಲವಂತೆ.

"ತಪ್ಪು ಅಂತೀರಿ, ಮತ್ತೆ ಯಾಕೆ ಕಾಯ್ತೀರಿ?"

"ತಪ್ಪಾದ್ರೂ ನಿಮ್ಮದಲ್ವಾ!" ಎಂದು ನಕ್ಕು ಇಳಿದುಹೋದ.

*

ಹತ್ತು ಹೆಜ್ಜೆಯ ಹುಲ್ಲು ಕೊಯ್ಯಲು ಎಷ್ಟು ದಿನ ಬೇಕು? ಎರಡು? ಮೂರು? ವೆಲಾಪಿಗೆ ಆಗಸ್ಟ್ ತನಕದ, ಆ ಸೀಮೆಯ ಇಡೀ ಚಳಿಗಾಲ ಬೇಕಾಯಿತು. ತೊಬಿಲೆ ರಜೆಗೆ ಬಂದಾಗಲೆಲ್ಲ ಅವನ ಕುಡುಗೋಲು ಬೇಲಿಯ ಪಕ್ಕದಲ್ಲೇ ಆಡುತ್ತಿತ್ತು.

ಜೊತೆಗೆ ಬಾಯಿಯೂ! ಅಲ್ಲಿ ಅದೇ ಪದ್ಧತಿ. ಹುಡುಗ ಮಾತಾಡುತ್ತಲೇ ಇರಬೇಕು, ಹುಡುಗಿ ಬೇಡವೆನ್ನುತ್ತಲೇ ಇರಬೇಕು. ಆರಿಸುವ ಹಕ್ಕು ಅವಳದು. ಅವಳು ಒಪ್ಪಿದ ದಿನ ಹುಡುಗನ ಮನೆಯ ಮೇಲೆ ಬಿಳಿ ಬಾವುಟ ಏರುತ್ತದೆ, ಊರಿಗೆಲ್ಲ ಸುದ್ದಿ ತಿಳಿಯುತ್ತದೆ.

"ತೊಬಿಲೆ, ನಿನ್ನ ಲೆಕ್ಕದಲ್ಲಿ ನನ್ನದು ಎಷ್ಟನೇ ನಂಬರು?"

"ಕಳೆ ಗಿಡಗಳನ್ನ ನಾನು ಎಣಿಸಲ್ಲ."

"ಕಳೆಗೆ ಒಂದು ಗುಣ ಇದೆ. ಕಿತ್ತಷ್ಟೂ ಬರುತ್ತೆ."

"ಬಾ, ಬೇಡ ಅಂದೋರ್ಯಾರು... ಬೇಲಿ ಆಚೆ ಇರು ಅಷ್ಟೆ."

ಹೀಗೆನ್ನುತ್ತಿದ್ದವಳಿಗೆ, ಅವನು ಬಾರದ ದಿನ ಎಣಿಕೆ ತಪ್ಪುತ್ತಿತ್ತು. ಹದಿನೇಳು ಎಣಿಸಲು ಮೂರು ಸಲ ಶುರುಮಾಡಬೇಕಾಗುತ್ತಿತ್ತು. ಮುಂದಿನ ಸಲ ಬಂದಾಗ ಹೇಳಿಬಿಡಲೇ ಎಂದು ಮನಸ್ಸು ಕೇಳುತ್ತಿತ್ತು. 'ಮುಂದಿನ ಸಲ... ಬೆಂಕಿಯ ಗಲಾಟೆಯೊಂದು ಮುಗಿಯಲಿ...' ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

*

ಆಗಸ್ಟ್ ಕೊನೆಯ ವಾರ ಗುಡ್ಡಕ್ಕೆ ಬೆಂಕಿ ಹಾಕಿದರು. ತೊಬಿಲೆ ನಗರದಿಂದ ಬಸ್ಸಿಳಿದು, ಚೀಲವನ್ನು ದಾರಿಯಲ್ಲೇ ಬಿಸಾಕಿ ಗುಡ್ಡ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಪ್ಪು. ಎಲ್ಲೆಲ್ಲೂ ಕಪ್ಪು. ಬೇಲಿಯ ಮೂರು ಕಂಬಗಳು ಇದ್ದಲಾಗಿದ್ದವು. ನಾಲ್ಕನೆಯದರ ಮೇಲೆ ಬಿಳಿ ಬಟ್ಟೆ, ಒಂದಂಚು ಸುಟ್ಟು, ಇನ್ನೂ ನೇತಾಡುತ್ತಿತ್ತು. ಹದಿನೇಳರಲ್ಲಿ ಒಂದೂ ಇರಲಿಲ್ಲ.

ವೆಲಾಪಿ ಸ್ವಲ್ಪ ದೂರದಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಜಮೀನು ನೋಡಲು ಬಂದ ಯಜಮಾನನ ಹಾಗೆ ನಿಂತಿದ್ದ!

"ಗೆದ್ದೆ ಅಲ್ವಾ?" ತೊಬಿಲೆ ನೇರ ಅವನೆದುರು ಹೋಗಿ ನಿಂತಳು. "ನಿನ್ನ ಮಾತೇ ಸರಿ ಅಂತ ತೋರಿಸೋಕೆ ಸುಟ್ಟೆ!"

"ತೊಬಿಲೆ, ಗಾಳಿ ತಿರುಗಿಬಿಡ್ತು. ಕಿಡಿ ಹಾರಿ..."

"ಸುಳ್ಳು! ಆರು ತಿಂಗಳು ಹುಲ್ಲು ಕೊಯ್ದದ್ದೂ ಸುಳ್ಳು, ನಿನ್ನ ಮಾತೂ ಸುಳ್ಳು. ನಿನ್ನನ್ನ ನಂಬಿದ್ದೆನಲ್ಲ... ನನಗೆ ಬುದ್ಧಿ ಇಲ್ಲ."

ಅವನು ಕೈಗಳನ್ನು ಬೆನ್ನ ಹಿಂದಿನಿಂದ ತೆಗೆಯಲೇ ಇಲ್ಲ. ಆ ನಿಲುವೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿ ತಂದದ್ದು. ಮರುದಿನವೇ ಅವಳು ನಗರಕ್ಕೆ ಹಿಂತಿರುಗಿದಳು.

ಆಮೇಲಿನ ದಿನಗಳು ಹೇಗೆ ಕಳೆದವೋ ಅವಳಿಗೇ ಗೊತ್ತು. ವರದಿಗೆ ಕೂತರೆ ಅದರ ಮೊದಲ ಸಾಲೇ ಮುಂದಕ್ಕೆ ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕಪ್ಪು ನೆಲ ಕಾಣುತ್ತಿತ್ತು, ಅದರ ಮೇಲೆ ಬೆನ್ನ ಹಿಂದೆ ಕೈ ಕಟ್ಟಿ ನಿಂತವನು ಕಾಣುತ್ತಿದ್ದ. ಸಿಟ್ಟು ಬರಬೇಕಾದ ಕಡೆ ಅಳು ಬರುತ್ತಿತ್ತು.

*

ಸೆಪ್ಟೆಂಬರ್ ಕೊನೆಗೆ, ಎರಡು ಮಳೆ ಬಿದ್ದ ಮೇಲೆ, ಉಳಿದ ತಂತಿ ಕಿತ್ತು ತರಲೆಂದು ಅವಳು ಗುಡ್ಡ ಹತ್ತಿದಳು. ನೋಡುವುದೇ ಬೇಡವೆಂದು ತಲೆ ತಗ್ಗಿಸಿಯೇ ನಡೆದಳು.

ತಲೆ ತಗ್ಗಿಸಿದ್ದೇ ಒಳ್ಳೆಯದಾಯಿತು.

ಕಾಲ ಬಳಿ, ಬೂದಿ ಬೆರೆತ ಮಣ್ಣಿನಲ್ಲಿ, ಬೆರಳುದ್ದದ ಚಿಗುರೊಂದು ಎದ್ದಿತ್ತು. ಅದರ ತುದಿಯಲ್ಲಿ ಹಳದಿ ಹೂಗಳ ಗೊಂಚಲು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮೂರು... ಐದು...

ತೊಬಿಲೆ ಮೊಣಕಾಲೂರಿದಳು. ಆಮೇಲೆ ಬೋರಲು ಮಲಗಿದಳು. ಗಲ್ಲಕ್ಕೆ ಬೂದಿ ಮೆತ್ತಿಕೊಂಡರೂ ಲೆಕ್ಕಿಸದೆ ಎಣಿಸಿದಳು. ಸುಟ್ಟ ಕಂಬಗಳ ನಡುವೆ ಅರವತ್ತಮೂರು! ಮತ್ತೆ ಎಣಿಸಿದಳು. ಅಷ್ಟೇ. ಸತ್ತವೆಂದು ಅವಳು ಬರೆದಿಟ್ಟವೆಲ್ಲ ಮಣ್ಣಿನ ಕೆಳಗೆ, ಗಡ್ಡೆಯೊಳಗೆ, ಸುಮ್ಮನೆ ಕೂತಿದ್ದವು. ಅವಳೇ ಹೊದಿಸಿದ ಕಂಬಳಿ ಜಾರುವುದನ್ನೇ ಕಾಯುತ್ತಿದ್ದವು.

'ಅವನು ಹೇಳಿದ್ದ... ಮೊದಲ ದಿನವೇ ಹೇಳಿದ್ದ.' ತೊಬಿಲೆಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಓಡುತ್ತ ಮನೆಗೆ ಬಂದು ಅಜ್ಜಿಯ ಮಡಿಲಿಗೆ ಹೂವಿನ ಒಂದು ಕಡ್ಡಿ ಹಾಕಿದಳು. ಊರಿಗೆಲ್ಲ ಅಜ್ಜಿ, ಅಂದರೆ 'ಗೋಗೊ' ಆಗಿದ್ದ ಮಬಾಸೊ ಬೇರು ಸೊಪ್ಪುಗಳಲ್ಲೇ ಮುದುಕಿಯಾದವಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಬೆಂಕಿ ಆದ ಮೇಲೆ ತಾನೇ ಇದು ಹೂ ಬಿಡೋದು. ನಾವು ಬೇರು ಹುಡುಕ್ತಿದ್ದದ್ದೂ ಆವಾಗಲೇ."

"ಗೋಗೊ! ಮೂರು ವರ್ಷದಿಂದ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಬೆಂಕಿ ಅಂದ್ರೆ ಎದ್ದು ಹೋಗ್ತಿದ್ದೆ." ಅಜ್ಜಿ ಹೂವನ್ನು ಮೂಸಿ ನೋಡಿದಳು. "ಆ ಸಿತೋಲೆ ಹುಡುಗನ ಕೈ ಹೇಗಿದೆಯೋ ಪಾಪ."

"ಕೈಗೇನಾಗಿದೆ?"

"ಬಾಯ್ತಪ್ಪಿ ಬಂತಲ್ಲ! ಅವತ್ತು ಕಿಡಿ ಹಾರಿದಾಗ ನಿನ್ನ ಬೇಲಿ ಒಳಗೆ ಒಬ್ಬನೇ ನುಗ್ಗಿದನಂತೆ. ಬೆಂಕಿ ಬಡಿಯೋ ಕೋಲಿನ ತುದಿಯ ರಬ್ಬರೆಲ್ಲ ಕರಗಿಹೋಯ್ತಂತೆ. ಉರಿಯೋ ಹುಲ್ಲನ್ನ ಬರಿಗೈಲೇ ಕಿತ್ತು ಎಸೆದಿದ್ದಾನೆ ಹುಚ್ಚ! ಎರಡು ವಾರ ಲೋಳೆಸರ ಹಚ್ಚಿ ನಾನೇ ಬಟ್ಟೆ ಕಟ್ಟಿದೆ. 'ತೊಬಿಲೆಗೆ ಹೇಳಬೇಡಿ ಗೋಗೊ, ಗಿಡ ಹೋದ ದುಃಖವೇ ಸಾಕು ಅವಳಿಗೆ' ಅಂದ."

ಬೆನ್ನ ಹಿಂದೆ ಕಟ್ಟಿದ ಕೈಗಳು!

ಬೆಂಕಿ ಬಿದ್ದರೆ ಗಿಡಕ್ಕೆ ಒಳ್ಳೆಯದೆಂದು ಬಲ್ಲವನು, ತೊಬಿಲೆಯದೆಂಬ ಒಂದೇ ಕಾರಣಕ್ಕೆ, ಆ ತಪ್ಪನ್ನು ಉಳಿಸಲು ಕೈ ಸುಟ್ಟುಕೊಂಡಿದ್ದ. ಅವನಿಗೆ ಅವಳು ಕೊಟ್ಟದ್ದು ಸುಳ್ಳನೆಂಬ ಬಿರುದು.

ಅವಳು ಆಗಲೇ ಕಣಿವೆಯ ಆಚೆಗಿನ ಸಿತೋಲೆಯವರ ಮನೆಯ ದಾರಿ ಹಿಡಿದಳು. ತೊರೆ ದಾಟಿ, ಏರು ಹತ್ತಿ, ತಲೆಯೆತ್ತಿ ನೋಡಿದವಳ ಕಾಲು ಅಲ್ಲೇ ನಿಂತುಹೋಯಿತು.

ಆ ಮನೆಯ ಮೇಲೆ ಉದ್ದನೆಯ ಕೋಲು. ಕೋಲಿನ ತುದಿಯಲ್ಲಿ ಬಿಳಿ ಬಾವುಟ.

ಯಾವಳೋ ಅವನನ್ನು ಆರಿಸಿಕೊಂಡಾಗಿತ್ತು.

'ತಡವಾಯಿತು... ನಾನು ಎಣಿಸುತ್ತ ಕೂತೆ, ಇನ್ನೊಬ್ಬಳು ಒಪ್ಪಿಯೂಬಿಟ್ಟಳು.' ಅಲ್ಲಿಂದಲೇ ಹಿಂತಿರುಗಿದಳು. ಆ ಸಂಜೆ ಕಣ್ಣೊರೆಸಿಕೊಳ್ಳುತ್ತ ವರದಿ ಬರೆದು ಮುಗಿಸಿದಳು. ತಪ್ಪು ಒಪ್ಪಿಕೊಳ್ಳುವುದಕ್ಕೆ ಯಾರ ಬಾವುಟವೂ ಅಡ್ಡಿ ಬರುವುದಿಲ್ಲವಲ್ಲ!

*

ಬೆಳಿಗ್ಗೆ ಸಿತೋಲೆಯವರ ಅಂಗಳದಲ್ಲಿ ವೆಲಾಪಿ ಬೆಂಕಿ ಬಡಿಯುವ ಕೋಲಿಗೆ ಹೊಸ ರಬ್ಬರ್ ಪಟ್ಟಿ ಹೊಡೆಯುತ್ತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿದ.

"ಕೈ ಮುಂದೆ ತಾ," ಎಂದಳು ತೊಬಿಲೆ.

"ಏನಿಲ್ಲ, ಬಿಡು..."

"ತಾ ಅಂದೆ!"

ಅಂಗೈ ತುಂಬ ನಯವಾದ, ನಸುಗೆಂಪು ಹೊಸ ಚರ್ಮ. ಮುಟ್ಟಬೇಕೆಂದು ಚಾಚಿದ ಬೆರಳನ್ನು ಅವಳು ಹಿಂದಕ್ಕೆಳೆದುಕೊಂಡಳು. ಅದು ಈಗ ಬೇರೆಯವಳ ಕೈ. ಚೀಲದಿಂದ ಕಾಗದ ತೆಗೆದು ಓದಿದಳು.

"ಈ ಗುಡ್ಡದಲ್ಲಿ ಉಕೊನ್ಸಿ ಕಡಿಮೆಯಾಗಲು ಕಾರಣ ಬೆಂಕಿಯಲ್ಲ, ಬೆಂಕಿಯಿಲ್ಲದೆ ಬೆಳೆದು ಕವಿದ ಹುಲ್ಲು. ನನ್ನ ಊಹೆ ತಪ್ಪಾಗಿತ್ತು. ಇಲ್ಲಿ ಬೆಂಕಿ ಹಾಕುವ ಪದ್ಧತಿಯನ್ನು ನಿಲ್ಲಿಸಬಾರದು." ಕಾಗದ ಮಡಿಚಿದಳು. "ಅರವತ್ತಮೂರು ಗಿಡ ಎದ್ದಿವೆ. ನಿನಗೆ ಅವತ್ತು ಅಂದದ್ದಕ್ಕೆ... ಕ್ಷಮಿಸು. ಹಾಂ, ಒಳ್ಳೇದಾಗಲಿ ನಿನಗೆ. ಹುಡುಗಿ ಯಾವೂರು?"

"ಯಾವ ಹುಡುಗಿ?"

"ನಾಟಕ ಆಡಬೇಡ! ಬಾವುಟ ಹಾರ್ತಾ ಇದೆಯಲ್ಲ!"

ವೆಲಾಪಿ ಮೇಲೆ ನೋಡಿದ. ಅವಳನ್ನು ನೋಡಿದ. ಅವನ ಮುಖದಲ್ಲಿ ನಗು ನಿಧಾನವಾಗಿ ಅರಳಿತು.

"ಅದಾ... ಅದು ನನ್ನ ತಮ್ಮನದು. ಸನೆಲೆಯದು."

ಒಳಗಿನಿಂದ ಸನೆಲೆ ಕೂಗಿದ, "ಹೌದು ಸಿಸಿ! ತಮ್ಮ ಬಾವುಟ ಏರಿಸಿ ವಾರವಾಯ್ತು. ಅಣ್ಣ ಇನ್ನೂ ಹುಲ್ಲು ಕೊಯ್ತಾನೇ ಇದಾನೆ! ಮನೇಲಿ ಎಲ್ಲರೂ ನಗ್ತಿದಾರೆ!"

ತೊಬಿಲೆ ಒಂದು ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ವೆಲಾಪಿ ಗಾಬರಿಯಾಗಿ ಹತ್ತಿರ ಬಂದರೆ, ನಗುತ್ತಿದ್ದಳು. ಕಣ್ಣೀರೂ ಇತ್ತು ಅನ್ನಿ.

ಅವಳು ಚೀಲಕ್ಕೆ ಕೈಹಾಕಿ ಒಂದು ತುಂಡು ಬಟ್ಟೆ ತೆಗೆದಳು. ಬೇಲಿಯ ನಾಲ್ಕನೇ ಕಂಬದ್ದು.

"ಬರೋ ದಾರೀಲಿ ಬೇಲಿ ಕಿತ್ತುಬಿಟ್ಟೆ. ಇದಕ್ಕೆ ಅಲ್ಲಿ ಇನ್ನು ಕೆಲಸ ಇಲ್ಲ." ಅವನ ಅಂಗೈ ನೋಯದಂತೆ ಮೆಲ್ಲನೆ ಅದನ್ನಿಟ್ಟಳು. "ನಿಮ್ಮನೆ ಮೇಲೆ ಇನ್ನೊಂದು ಕೋಲಿಗೆ ಜಾಗ ಇದೆಯಾ?"

ಆರು ತಿಂಗಳು ಬಾಯಿಗೆ ಬಿಡುವು ಕೊಡದೆ ಮಾತಾಡಿದ್ದವನು ಈಗ ಬಟ್ಟೆಯನ್ನು ಬಿಡಿಸಿದ, ಮಡಿಚಿದ, ಮತ್ತೆ ಬಿಡಿಸಿದ.

"ಹೇಳು, ವೆಲಾಪಿ! ಬೇಡವಾ?"

"ಬೇಕು... ಎಷ್ಟು ಬೇಕು ಅಂದ್ರೆ... ಆದ್ರೆ ತೊಬಿಲೆ, ಇದರ ಅಂಚು ಸುಟ್ಟಿದೆಯಲ್ಲ. ಊರವರು ಏನಂತಾರೆ?"

ತೊಬಿಲೆ ಆ ಸುಟ್ಟ ಅಂಚನ್ನೂ, ಅದರ ಕೆಳಗಿನ ಅಂಗೈಯನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೆಂಕಿ ಆದ ಮೇಲೇನೇ ಹೂ ಬಿಡೋದು ಅಂತ ಹೇಳು."